ಬಾಯಾರಿ ಸತ್ತ ರಾಜಕುಮಾರ

ಕಡವೂರಿನ ದೊರೆ ವೀರಮಲ್ಲ ಡಂಗುರ ಸಾರಿಸಿದ. ಗರಡಿಯ ಹುಡುಗರು ಪ್ರತಿ ಬೇಸಿಗೆ ಗಡಿಕೋಟೆಯವರೆಗೆ ನಡೆಯುವ ಪದ್ಧತಿ ಇದೆಯಷ್ಟೆ. ಹೋದ ಸಲ ಆ ದಾರಿಯಲ್ಲಿ ದೊರೆಯ ಒಬ್ಬನೇ ಮಗ ಸತ್ತ. ಆ ಸಾವಿನ ಬಗ್ಗೆ ದೊರೆಯದು ಮೂರು ಒಗಟು. ಬಿಡಿಸಿದವರಿಗೆ ಕೇಳಿದ್ದನ್ನು ಕೊಡುವುದು, ತಪ್ಪಿದವರನ್ನು ಆನೆಯ ಕಾಲಿಗೆ ಹಾಕುವುದು. ಉತ್ತರ ಸಿಗಲಿ ಬಿಡಲಿ, ಈ ಸಲದ ನಡಿಗೆ ನಿಲ್ಲುವುದಿಲ್ಲ ಎಂದೂ ಡಂಗುರದವನು ಕೂಗಿದ.

ಲಾಯದಲ್ಲಿ ಹುಲ್ಲು ಹಾಕುತ್ತಿದ್ದ ಕೆಂಚನ ಎದೆಗೆ ನಾಟಿದ್ದು ಆ ಕೊನೆಯ ಮಾತು. ಅವನೂ ಒಂದು ಕಾಲಕ್ಕೆ ಗರಡಿಯವನೇ, ಅದೇ ನಡಿಗೆಯಲ್ಲಿ ಕುಂಟನಾದವನು. ಈ ಸಲ ಹೊರಟಿದ್ದು ಅವನ ತಮ್ಮ ದ್ಯಾವ, ಗಾಳಿ ಬೀಸಿದರೆ ಬೀಳುವಂಥ ಹುಡುಗ. ಅವನು ಕೋಟೆ ಮುಟ್ಟುವುದು ಸುಳ್ಳು. ಗೆಲ್ಲುವ ಭ್ರಮೆ ಕೆಂಚನಿಗೇನೂ ಇರಲಿಲ್ಲ. ಬೇರೆ ದಾರಿ ಕಾಣದೆ ಒಗಟು ಬಿಡಿಸಲು ಹೋದ.

ಸಾಲುಗಟ್ಟಿ ನಿಂತ ಹುಡುಗರ ಎದುರಿಗೇ ಸಭೆ ಕೂಡಿತ್ತು. ಎಲ್ಲರಿಗೂ ಒಂದೇ ದಾರಿ, ಒಂದೇ ಮರದ ನೆರಳು, ಆದರೂ ದಿನವಿಡೀ ಕೂರದೆ ನಡೆದವನು ಯಾರು ಎಂದು ದೊರೆ ಕೇಳಿದ. ದೇಸಾಯಿಯ ಮಗನೊಬ್ಬ ಮೀಸೆ ತಿರುವಿ, ಮುಂದಾಳು ಎಂದ. ಅವನನ್ನು ಎಳೆದೊಯ್ದರು. ಕೆಂಚ ಮಾತ್ರ, ಎಲ್ಲರಿಗಿಂತ ಹಿಂದಿನವನು ಎಂದ. ಆ ಕೊನೆಯವನು ಕುಂಟುತ್ತ ಮರ ಸೇರುವ ಹೊತ್ತಿಗೆ ಮುಂದಿನವರ ದಣಿವು ಆರಿರುತ್ತದೆ, ಹೊರಡಿ ಎಂಬ ಕೂಗು ಬೀಳುತ್ತದೆ.

ಹುಲಿಗೆ ಹೆದರದವನನ್ನು ಸಾಸಿವೆಗಿಂತ ಸಣ್ಣದೊಂದು ಕೆಡವಿತು, ಅದೇನು ಎಂಬುದು ದೊರೆಯ ಎರಡನೆಯ ಒಗಟು. ಜಟ್ಟಿಯೊಬ್ಬ ವಿಷದ ಹನಿ ಎಂದು ಸತ್ತ. ಕೆಂಚ ತನ್ನ ಬೆರಳಿಲ್ಲದ ಪಾದ ತೋರಿಸಿದ. ಕೆರದೊಳಗೆ ಸೇರಿದ ಮರಳಿನ ಕಾಳು. ನಿಂತು ಕೊಡವಿಕೊಳ್ಳಲು ಬಿಡಲಿಲ್ಲ. ಬೊಬ್ಬೆ ಎದ್ದಿತು, ಕೀವಾಯಿತು, ಬೆರಳೇ ಹೋಯಿತು.

ದೊರೆ ಮೂರನೆಯದನ್ನು ತಾನೇ ಎದ್ದು ನಿಂತು ಕೇಳಿದ. "ಹೆಗಲಲ್ಲಿ ತುಂಬಿದ ನೀರಿನ ಚೀಲ ಇತ್ತು. ಆದರೂ ಬಾಯಾರಿ ಸತ್ತ. ಕೊಂದದ್ದು ಯಾರು?"

ಮಂತ್ರಿಯ ಅಳಿಯ ನಯವಾಗಿ ವಿಧಿ ಎಂದ. ಅವನನ್ನೂ ಒಯ್ದರು. ಕೆಂಚನಿಗೆ ಉತ್ತರ ಗೊತ್ತಿತ್ತು. ಸುಳ್ಳು ಹೇಳಿದರೂ ಸಾವು, ನಿಜ ಹೇಳಿದರೂ ಸಾವು. ತಮ್ಮನ ಕಡೆ ಒಮ್ಮೆ ನೋಡಿ ಬಾಯಿಬಿಟ್ಟ.

"ಬುದ್ಧಿ, ಕೊಂದಿದ್ದು ನಾಚಿಕೆ. ಕೋಟೆ ಬಾಗಿಲು ಮುಟ್ಟೋಕ್ ಮುಂಚೆ ನೀರು ಕುಡ್ದೋನ ಕೈಗೆ ಬಳೆ ತೊಡಿಸಿ ಮೆರವಣಿಗೆ ಮಾಡ್ತಾರೆ. ಆ ಪದ್ಧತಿ ತಂದೋರು ತಾವು."

ದೊರೆ, ಉತ್ತರ ಸರಿ, ಏನು ಬೇಕೋ ಕೇಳು ಎಂದ. ಕೊನೆಯವನು ಕೂತು ದಣಿವಾರಿಸಿಕೊಂಡ ಮೇಲೆಯೇ ಸಾಲು ಏಳಬೇಕು, ಮರಮರಕ್ಕೂ ಕೆರ ಕೊಡವಬೇಕು ಎಂದು ಕೆಂಚ ಕೇಳಿದ. ನೀರಿನ ಮಾತಿಗೆ ಬರಿಯ ಅಪ್ಪಣೆ ಸಾಲದು, ಅಪ್ಪಣೆಯಿಂದ ನಾಚಿಕೆ ಹೋಗುವುದಿಲ್ಲ. ದೊರೆಯೇ ಈ ಹುಡುಗರೆದುರು ನೀರು ಕುಡಿದು ಬಳೆ ತೊಡಬೇಕು ಎಂದ.

ದೊರೆ ಕುಡಿದ. ಕೈ ಮುಂದೆ ಚಾಚಿದ. ಬಳೆ ತೊಡಿಸಿದ ರಾಣಿ ಅಳುತ್ತಿದ್ದಳು. ಯಾರೂ ನಗಲಿಲ್ಲ. ಸಾಲಿನ ತುದಿಯಲ್ಲಿ ದ್ಯಾವ ಚೀಲದ ಬಾಯಿ ಬಿಚ್ಚಿದ, ಅವನನ್ನು ನೋಡಿ ಉಳಿದವರೂ ಬಿಚ್ಚಿದರು.

ಕೆಂಚನನ್ನು ನಡಿಗೆಯ ಒಡೆಯನನ್ನಾಗಿ ಮಾಡಿ, ದೊರೆ ತನ್ನ ಕುದುರೆಯನ್ನೇ ಕೊಟ್ಟ. ಹೊರಡುವಾಗ ಲಗಾಮು ಹಿಡಿದು ನಿಲ್ಲಿಸಿ ಮೆಲ್ಲಗೆ ಕೇಳಿದ.

"ಹೋದ ವರ್ಷ ಇಷ್ಟು ಮಾಡಿದ್ದರೆ ಸಾಕಿತ್ತೇನೋ?"

ಕೆಂಚನಿಗೆ ಸುಳ್ಳು ಹೇಳಬೇಕೆನ್ನಿಸಿತು. ಆಗಲಿಲ್ಲ.

"ಸಾಕಿತ್ತು ಬುದ್ಧಿ" ಎಂದ.