ಹಳದಿ ಬಿಯರು, ಕಪ್ಪು ಬಿಯರು

“ನಾನು ಬರುವ ತನಕ ಆ ಎರಡು ಬಿಯರು ಮುಟ್ಟಬೇಡಿ, ಒಟ್ಟಿಗೆ ಕುಡಿಯುವ.” ಆಸ್ಪತ್ರೆಗೆ ಹೋಗುವಾಗ ನನ್ನ ಹೆಂಡತಿ ಪಾವ್ಲಿನ್ ಹೇಳಿದ ಕೊನೆಯ ಮಾತು ಅದು. ಅವಳು ಬರಲಿಲ್ಲ. ನಾನು ಮುಟ್ಟಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಕಪಾಟಿನೊಳಗೆ ಬಾಟ್ಲಿಗಳು ಮಾತಾಡುವುದು ನನಗೆ ಕೇಳಿಸಿತು.

“ಮಾರಾಯ, ನನ್ನ ಹಾಪ್ಸ್ ಹೂವಿನ ಪರಿಮಳ ಹೋಗ್ತಾ ಉಂಟು,” ಎಂದಿತು ಹಳದಿ ಬಿಯರು. “ಇನ್ನು ಹದಿನೈದು ದಿನ ಬಿಟ್ಟರೆ ನಾನು ಬರೀ ಕಹಿ ನೀರು.”

“ಸ್ವಲ್ಪ ತಾಳಿಕೋ. ನನ್ನನ್ನು ನೋಡು, ಇಟ್ಟಷ್ಟೂ ರುಚಿಯಾಗ್ತೇನೆ,” ಎಂದಿತು ಕಪ್ಪು ಬಿಯರು.

“ನಿನ್ನ ದೊಡ್ಡಸ್ತಿಕೆ ಸಾಕು. ನಿನ್ನನ್ನು ಮಾಡಿದ್ದೇ ಇಡಲಿಕ್ಕೆ, ನನ್ನನ್ನು ಬೇಗ ಕುಡಿಯಲಿಕ್ಕೆ. ಆಯಮ್ಮ ನನ್ನನ್ನು ಆರಿಸಿ ತಂದದ್ದು ಈ ಪರಿಮಳಕ್ಕೆ. ಈ ಮನುಷ್ಯ ಅವಳ ಮಾತು ಉಳಿಸಲಿಕ್ಕೆ ಹೋಗಿ ಅವಳ ಇಷ್ಟವನ್ನೇ ಹಾಳು ಮಾಡ್ತಾ ಇದ್ದಾನೆ.”



“ಹಾಗಾದರೆ ನೀನು ಹೋಗು. ಅವನ ಜೊತೆ ಕಾಯಲಿಕ್ಕೆ ನಾನಿದ್ದೇನೆ,” ಎಂದಿತು ಕಪ್ಪು ಬಿಯರು.

ಮರುದಿನ ಬೆಳಿಗ್ಗೆ ನಾನು ಹಳದಿ ಬಿಯರನ್ನು ಫ್ರಿಜ್ಜಿನಲ್ಲಿಟ್ಟೆ. ಪೇಟೆಗೆ ಹೋಗಿ ಮೀನು ತಂದೆ. ಪಾವ್ಲಿನ್‌ಳ ತಂಗಿ ಗ್ರೆಟ್ಟಾಳನ್ನು ಊಟಕ್ಕೆ ಕರೆದೆ.