ಸೊನ್ನೆ ತುಂಬಿದ ಖಾನೆ

"ಹಿಂದಿನದನ್ನೆಲ್ಲ ಒರೆಸಿ ಹಾಕಿ ಸೊನ್ನೆಯಿಂದ ಶುರುಮಾಡಿದರೆ ಮನಸ್ಸು ಹಗುರಾಗುವುದಿಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ. ಕಟ್ಟಿಕೊಂಡವಳಿಗೆ ಒಂದು ಮಾತೂ ಹೇಳದೆ ಬಂದು, ತಲೆ ಬೋಳಿಸಿಕೊಂಡು ಆಶ್ರಮದಲ್ಲಿ ಕೂತವನು ಅವನು. ಆಶ್ರಮದ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುವವರ ಬಾಯಲ್ಲೆಲ್ಲ ಅದೇ ಸುದ್ದಿ. ಗುರು ಆ ಸುದ್ದಿ ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕಂಪ್ಯೂಟರ್ ಕೆಲಸದವನಿದ್ದ. ಕೈ ಬಹಳ ಚುರುಕು, ನಡತೆ ಮಾತ್ರ ಕೇಳಬೇಡ. ಜೊತೆಯಲ್ಲಿ ಕೂತು ಉಂಡ ಗೆಳೆಯನ ಹೆಂಡತಿಯನ್ನೇ ಕರೆದುಕೊಂಡು ಹೋದ. ಆರು ತಿಂಗಳಿಗೆ ಅವಳು ಇವನನ್ನೂ ಬಿಟ್ಟು ಮೂರನೆಯವನ ಮನೆ ಸೇರಿದಳು. ಇವನು ಹ್ಯಾಪು ಮೋರೆ ಹಾಕಿಕೊಂಡು ಹಿಂದಿರುಗಿದ. ತಾಯಿ ಮಲಗಿದಲ್ಲಿಂದಲೇ ಕದ ತೆರೆಯಬೇಡ ಎಂದಳು. ಅಕ್ಕ ತೆರೆದಳು.

ಅಕ್ಕನಿಗೆ ಗಂಟಲ ರೋಗ ಬಂದು ದನಿ ಹೋಗಿತ್ತು. ಅವಳು ಅಕ್ಷರ ಒತ್ತಿದರೆ ಒಂದು ಹಳೆಯ ಪೆಟ್ಟಿಗೆ ಅವಳ ಪರವಾಗಿ ಮಾತಾಡುತ್ತಿತ್ತು. ಈಗ ಅದರೊಳಗೆ ಲೆಕ್ಕ ಮಾಡುವ ಪ್ರೊಸೆಸರ್ ಸುಟ್ಟುಹೋಗಿತ್ತು. ಅಂಥದ್ದು ಎಲ್ಲೂ ಸಿಗದು. ತಾಯಿ ಹಾಸಿಗೆ ಹಿಡಿದಿದ್ದಳು. ಅವಳಿಗೆ ಓದು ಬಾರದು. ಬೇರೆ ಯಾರು ಮಗನ ಹೆಸರೆತ್ತಿದರೂ ಮುಖ ತಿರುಗಿಸುತ್ತಿದ್ದಳು. ಅಕ್ಕ ತಮ್ಮನಿಗೆ ಚೀಟಿ ಬರೆದು ಕೊಟ್ಟಳು: "ಪೆಟ್ಟಿಗೆಗೆ ಬಾಯಿ ಬರಿಸೋ ಗೂಬೆ. ನಿನ್ನನ್ನು ಮನ್ನಿಸು ಅಂತ ಅಮ್ಮನಿಗೆ ನಾನು ಹೇಳುತ್ತೇನೆ. ನನ್ನ ಮಾತು ಅವಳು ತೆಗೆದುಹಾಕಲ್ಲ."

ಹೊಸ ಕಂಪ್ಯೂಟರಿನ ಮೇಲೆ ಹಳೆಯ ಪ್ರೊಸೆಸರಿನ ವೇಷ ಹಾಕಿ ಕುಣಿಯುವ ಪ್ರೋಗ್ರಾಮ್, ಎಮ್ಯುಲೇಟರ್ ಒಂದನ್ನು ಅವನು ಬರೆಯಲು ಕೂತ. ಆ ಪ್ರೊಸೆಸರ್ ದಶಮಾಂಶದ ಲೆಕ್ಕಗಳನ್ನು ನಾಲ್ಕು ನಾಲ್ಕಾಗಿ ಒಂದೇ ಏಟಿಗೆ ಮಾಡುತ್ತಿತ್ತು. ಅವುಗಳ ಕಾವಲಿಗೆ ಒಂದು ಖಾನೆ. ಯಾವ ತಪ್ಪಿಗೆ ನಿಲ್ಲಬೇಕು, ಯಾವುದನ್ನು ಮನ್ನಿಸಿ ಮುಂದೆ ಹೋಗಬೇಕು ಎಂಬ ಗುರುತು ಅದರಲ್ಲಿರುತ್ತದೆ. ಅಸಲು ಪ್ರೊಸೆಸರ್ ಎಲ್ಲವನ್ನೂ ಮನ್ನಿಸುವ ಗುರುತು ಹಾಕಿಕೊಂಡೇ ಏಳುತ್ತಿತ್ತು. ಇವನು ತನ್ನ ಎಮ್ಯುಲೇಟರಿನ ಎಲ್ಲ ಖಾನೆಗೂ ಸೊನ್ನೆ ತುಂಬಿದ, ಅದಕ್ಕೂ. ಸೊನ್ನೆಗಿಂತ ಶುದ್ಧವಾದದ್ದು ಯಾವುದಿದೆ ಎಂದುಕೊಂಡ. ಎರಡಕ್ಕೆ ಎರಡು ಕೂಡಿಸಿ ನೋಡಿದ. ಎಂಟರಲ್ಲಿ ಅರ್ಧ ತೆಗೆದು ನೋಡಿದ. ಸರಿಯಾಗಿಯೇ ಬಂತು.

ದನಿ ಬರಿಸಿ ನೋಡುವ ಮೊದಲೇ ತಾಯಿಗೆ ಮೇಲುಸಿರು ಹತ್ತಿತು. ಅಕ್ಕ ಹೊಸ ಕಂಪ್ಯೂಟರ್ ಜೋಡಿಸಿದ ಪೆಟ್ಟಿಗೆಯನ್ನು ಹಾಸಿಗೆಯ ಬಳಿ ಇಟ್ಟು ಅಕ್ಷರ ಒತ್ತಿದಳು. ದನಿಯ ಲೆಕ್ಕದಲ್ಲಿ ಒಂದನ್ನು ಮೂರರಿಂದ ಭಾಗಿಸುವುದು ಬಂತು. ಅದು ಮುಗಿಯದ ಭಾಗಾಕಾರ. ಕೊನೆಗೆ ಒಂದು ಚೂರು ಉಳಿದೇ ಉಳಿಯುತ್ತದೆ. ಯಂತ್ರಕ್ಕೆ ಅದೂ ಒಂದು ತಪ್ಪೇ; ಸೊನ್ನೆ ತುಂಬಿದ ಖಾನೆಯಲ್ಲಿ ಆ ಚೂರನ್ನು ಮನ್ನಿಸುವ ಗುರುತು ಇರಲಿಲ್ಲ. ಯಂತ್ರ ನಿಂತಿತು. ಅಕ್ಕ ಐದು ಸಲ ಒತ್ತಿದಳು. ತಾಯಿ ಪೆಟ್ಟಿಗೆ ನೋಡಿದಳು, ಬಾಗಿಲಲ್ಲಿ ನಿಂತ ಮಗನನ್ನು ನೋಡಿದಳು, ಗೋಡೆಯ ಕಡೆ ಹೊರಳಿದಳು. ಅಲ್ಲಿಗೆ ಮುಗಿಯಿತು.

ಹನ್ನೊಂದನೆಯ ದಿನದ ಕರ್ಮ ಕಳೆದ ಮೇಲೆ ಅವನಿಗೆ ತಪ್ಪು ಕಂಡಿತು. ಆ ಖಾನೆಯಲ್ಲಿ ಆರು ಬಗೆಯ ತಪ್ಪಿಗೆ ಮನ್ನಿಸುವ ಆರು ಗುರುತು ಹಾಕಿದ, ಅಷ್ಟೇ ಕೆಲಸ. ಪೆಟ್ಟಿಗೆಗೆ ದನಿ ಬಂತು. "ಅಕ್ಕಾ, ಈಗ ಹೇಳು," ಎಂದ.

ಅಕ್ಕ ಒತ್ತಿದಳು. "ಇನ್ನು ಯಾರಿಗೆ ಹೇಳಲೋ," ಎಂದಿತು ಪೆಟ್ಟಿಗೆ.

ಶಿಷ್ಯ ಕೇಳಿದ: "ಹಾಗಾದರೆ ಒರೆಸಿದ್ದೇ ತಪ್ಪೇ?"

ಗುರು ಹೇಳಿದರು: "ನೀನು ಒರೆಸಿ ಹಾಕಿದ್ದರಲ್ಲಿ ನಿನ್ನನ್ನು ಮನ್ನಿಸಬಹುದಾಗಿದ್ದವಳೂ ಇದ್ದಳಲ್ಲ, ಅವಳ ಹೆಸರೇನಪ್ಪ?"