ಖಾಲಿಯಾಗುವ ತನಕ

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮ, ಆಶ್ರಮದೊಳಗೊಂದು ಶಾಲೆ. ಅಲ್ಲಿ ಮಕ್ಕಳಿಗೆ ಕೈಕೆಲಸ ಕಲಿಸುತ್ತಿದ್ದವರು ಗೌರಕ್ಕ. ಎಲ್ಲರ ಬಾಯಲ್ಲೂ ಅಕ್ಕೋರು.

ಅಕ್ಕೋರು ತೆಂಗಿನ ಗರಿಯಲ್ಲಿ ಗಿಳಿ ಹೆಣೆದರೆ ಅದು ಪೇರಲ ಮರಕ್ಕೆ ಹಾರುತ್ತಿತ್ತು. ನಾನೇ ಕಂಡಿದ್ದೇನೆ. ಹಣ್ಣು ಕಚ್ಚಿದ್ದನ್ನು ಮಾತ್ರ ಕಂಡಿಲ್ಲ, ಸುಳ್ಳು ಹೇಳಬಾರದು.

ಅವರ ಶಿಷ್ಯ ನಾನು. ಶಿಷ್ಯರಲ್ಲೆಲ್ಲ ನನ್ನಷ್ಟು ಜಾಣ ಮತ್ತೊಬ್ಬನಿರಲಿಲ್ಲ. ಶಿಷ್ಯನಾಗಿ ಇದ್ದವನೂ ನಾನೊಬ್ಬನೇ.

ಒಂದು ದಿನ ಕೇಳಿದೆ: "ಅಕ್ಕೋರೆ, ನನಗ ತರಗತಿ ಯಾವಾಗ ಕೊಡ್ತೀರಿ?"

"ಕಸದಿಂದ ಏನರ ಮಾಡೋದು ಮಕ್ಕಳಿಗೆ ಕಲಿಸು. ಅವರು ಕಲಿತರ ತರಗತಿ ನಿಂದು. ಇಲ್ಲಾಂದ್ರ ಊರಿಗೆ ಹೋಗಿ ನಿಮ್ಮಪ್ಪನ ಹಿಟ್ಟಿನ ಗಿರಣಿ ನೋಡ್ಕೊ."

ನಾನು ಮಕ್ಕಳಿಗೆ ಹೇಳಿದೆ: "ಶನಿವಾರ ಎಲ್ಲಾರೂ ಖಾಲಿ ಡಬ್ಬಿ, ಖಾಲಿ ಬಾಟ್ಲಿ ತರ್ರಿ. ಹೆಚ್ಚು ತಂದವರು ಮುಂದಿನ ಸಾಲಿನ್ಯಾಗ!"

ಶನಿವಾರ ಬಿದ್ದ ರಾಶಿ ಎಷ್ಟೆಂದರೆ, ನದಿಯೇ ಅದನ್ನು ಸುತ್ತುಬಳಸಿ ಹರಿಯಬೇಕು. ನಾನು ಮೀಸೆ ತಿರುವಿದೆ.

ರಾಶಿಯ ಹಿಂದೆಯೇ ತಾಯಂದಿರು ಬಂದರು.

"ಏನ್ ಹೇಳೀರಿ ಮಾಸ್ತರ? ನನ್ನ ಮಗ ಪೇಸ್ಟೆಲ್ಲಾ ಹಿಂಡಿ ಎಮ್ಮಿ ಹಲ್ಲು ತಿಕ್ಕ್ಯಾನ!"

"ನಮ್ಮಾಕಿ ಉಪ್ಪಿನಕಾಯಿ ಬಾಟ್ಲಿ ಒಂದ ದಿನದಾಗ ತಿಂದು ಮುಗಿಸ್ಯಾಳ. ಈಗ ನೀರಿನ ಕೊಡ ಬಿಟ್ಟು ಏಳವಲ್ಲಳು!"

ಮಕ್ಕಳಲ್ಲೊಬ್ಬಳಾದ ದ್ಯಾಮಿಯ ತಾಯಿ ಹುಲಿಗೆವ್ವ ಮಾತ್ರ ಕೂಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

"ತಿಂಗಳಿಡೀ ಬರಬೇಕಾದ ಎಣ್ಣಿ. ಬಾಟ್ಲಿ ಖಾಲಿ ಮಾಡಾಕ ನನ್ನ ಮಗಳು ಮೋರಿಗೆ ಸುರುವ್ಯಾಳ. ಇನ್ನ ನಿಮ್ಮ ಪಾಠಕ್ಕ ಯಾರೂ ಮಕ್ಕಳನ್ನ ಕಳಸಂಗಿಲ್ಲ."

ಅಕ್ಕೋರ ಬಳಿ ಓಡಿದೆ. ಅವರು ಪಾತ್ರೆ ತೊಳೆಯಲು ಕೂತಿದ್ದರು.

"ಮಕ್ಕಳಿಗೆ ತಿಳಿವಳಿಕಿ ಇಲ್ರಿ."

"ಹೌದನ? ಬಳ್ಳಿಯಿಂದ ಒಂದು ತುಪ್ಪದ ಹೀರೇಕಾಯಿ ತಾ. ತಿಕ್ಕಾಕ ನಾರು ಬೇಕು."

"ಕಾಯಿ ಇನ್ನೂ ಹಸಿ ಅದಾವ್ರಿ."

"ನನಗ ನಾರು ಬೇಕು," ಎಂದರು ಅಕ್ಕೋರು.

ನಾನು ಹಠಕ್ಕೆ ಬಿದ್ದೆ. ಹೆರೆದೆ, ಲೋಳೆ ಬಂತು. ಬೇಯಿಸಿದೆ, ಪಲ್ಯ ಆಯಿತು. ಕುಟ್ಟಿದೆ, ಚಟ್ನಿ ಆಯಿತು. ಆ ವಾರ ಆಶ್ರಮದಲ್ಲಿ ಊಟ ಭರ್ಜರಿ, ನಾರು ಮಾತ್ರ ಇಲ್ಲ.

ಕೊನೆಗೆ ಬಳ್ಳಿಯಲ್ಲಿ ಒಂದೇ ಕಾಯಿ ಉಳಿಯಿತು. ಅದರ ಕೆಳಗೆ ಚಾಪೆ ಹಾಸಿ ಕೂತುಬಿಟ್ಟೆ. ಇಪ್ಪತ್ತಾರು ದಿನ. ಕಾಗೆಗಳು ಬೆದರುಗೊಂಬೆ ಎಂದುಕೊಂಡು ದೂರ ಉಳಿದವು. ಕಾಯಿ ಹಳದಿಯಾಯಿತು, ಕಂದಾಯಿತು, ಒಳಗೆ ಬೀಜ ಗಲಗಲ ಎಂದವು. ಮುಟ್ಟಿದರೆ ಸಿಪ್ಪೆ ತಾನೇ ಬಿಟ್ಟಿತು.

ನಾರು ತಂದು ಕೊಟ್ಟೆ. ಅಕ್ಕೋರು ಅದರಿಂದಲೇ ಪಾತ್ರೆ ತಿಕ್ಕತೊಡಗಿದರು.

ಅಂದೇ ಮನೆಮನೆಗೆ ಹೋದೆ. ಹುಲಿಗೆವ್ವ ಬಾಗಿಲಲ್ಲೇ ತಡೆದಳು.

"ಮತ್ತೇನು ಖಾಲಿ ಮಾಡಿಸಾಕ ಬಂದೀರಿ?"

"ತಪ್ಪು ನಂದವ್ವಾ. ಮಕ್ಕಳು ಬರಿಗೈಲೆ ಬರಲಿ. ತಾನಾಗೇ ಖಾಲಿ ಆದದ್ದಿದ್ರ ಅಷ್ಟ ತರಲಿ."

"ಒಂದ ಶನಿವಾರ ಕಳಸ್ತೀವಿ. ನಾನೂ ಬಂದು ನಿಂತು ನೋಡ್ತೀನಿ."

ಶನಿವಾರ ಮಕ್ಕಳು ಬರಿಗೈಯಲ್ಲಿ ಬಂದರು. ದ್ಯಾಮಿ ಮಾತ್ರ ಒಂದು ಕಡ್ಡಿಪೆಟ್ಟಿಗೆ ತಂದಿದ್ದಳು. ಅದರಲ್ಲಿ ಬಂಡಿ ಮಾಡೋಣವೆಂದು ಎಲ್ಲರೂ ಸುತ್ತ ಕೂತರು. ಅವಳು ತೆರೆದು ನೋಡಿದಳು.

"ಸರ್ರ, ಒಂದು ಕಡ್ಡಿ ಉಳದೈತ್ರಿ."

"ಒಂದ ಕಡ್ಡಿ ಅಲ್ಲ? ಒಗದು ಬಿಡ!" ಎಂದ ಹಿಂದೆ ಕೂತಿದ್ದವನೊಬ್ಬ.

ದ್ಯಾಮಿ ಪೆಟ್ಟಿಗೆ ಮುಚ್ಚಿ ಹಿಡಿದಳು. "ಒಗಿಯಂಗಿಲ್ಲ. ಸಂಜಿಗೆ ಅವ್ವ ದೀಪ ಹಚ್ಚತಾಳ."

ಎಲ್ಲರೂ ನನ್ನನ್ನೇ ನೋಡಿದರು. ಬಾಗಿಲಲ್ಲಿ ಹುಲಿಗೆವ್ವ. ನನ್ನ ಕಿವಿಯಲ್ಲಿ ಹಿಟ್ಟಿನ ಗಿರಣಿ ಗಡಗಡ ಎಂದಿತು.

"ಹಂಗಾರ ಕಾಯೋಣು," ಎಂದೆ. "ಸೋಮವಾರ ಮಾಡಿದರಾತು."

ತರಗತಿ ಮುಗಿದ ಗಂಟೆ ಹೊಡೆಯಿತು. ಹುಲಿಗೆವ್ವ ಒಳಗೆ ಬಂದು ಮಗಳ ತಲೆಯ ಮೇಲೆ ಕೈಯಿಟ್ಟಳು.

ಅಕ್ಕೋರು ಒಳಗೆ ಬಂದರು. "ಏನ್ ಮಾಡಿಸಿದಿ ಇವತ್ತ?"

"ಏನೂ ಇಲ್ರಿ ಅಕ್ಕೋರೆ. ಪೆಟ್ಟಿಗ್ಯಾಗ ಇನ್ನೂ ಒಂದು ಕಡ್ಡಿ ಇತ್ತು."

ಅಕ್ಕೋರು ಹಾಜರಿ ಪುಸ್ತಕ ತೆಗೆದು ನನ್ನ ಕೈಗಿಟ್ಟರು.

"ಈ ಶಾಲ್ಯಾಗ ಇಷ್ಟು ಚಲೋ ಕೈಕೆಲಸ ಇನ್ನೂ ಯಾರೂ ಮಾಡಿಸಿದ್ದಿಲ್ಲ."